ಕಡಲ ತಳದ ಸವಕಳಿ ಲೆಕ್ಕ

ನಮ್ಮ ನಂದಗುಡಿಗೂ ಸಮುದ್ರಕ್ಕೂ ಬಲು ದೂರ. ಹೊಸಕೋಟೆ ತಾಲ್ಲೂಕಿನ ನಮ್ಮ ಕಡೆ ನೀರೆಂದರೆ ಕೆರೆ, ಇಲ್ಲವೇ ಬೋರ್‌ವೆಲ್. ಬೋರ್‌ವೆಲ್‌ನಿಂದ ಹಳೆಯ ಕಬ್ಬಿಣದ ಪೈಪು ಮೇಲೆತ್ತಿದಾಗ ತುಕ್ಕು ಪದರ ಪದರವಾಗಿ ಉದುರುವುದನ್ನು ಮಕ್ಕಳು ನೋಡಿರುತ್ತೀರಿ. ಪೈಪಿನ ಗತಿಯೇ ಹೀಗಾದರೆ, ಉಪ್ಪುನೀರಿನಲ್ಲಿ ಮುಳುಗಿದ ಹಡಗಿನ ಗತಿ ಏನು?

ಮಂಗಳೂರಿನ ದಕ್ಷಿಣಕ್ಕೆ, ಉಳ್ಳಾಲ ದಾಟಿದರೆ ಉಚ್ಚಿಲದ ಕಡಲ ತೀರ. 2022ರ ಜೂನ್‌ನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಸರಕು ಹಡಗು ಇಲ್ಲಿ ಮುಳುಗಿತು. ಚೀನಾದಿಂದ ಲೆಬನಾನ್‌ಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ ಹೊತ್ತು ಹೊರಟಿದ್ದ ಹಡಗದು. ಒಳಗಿದ್ದ 15 ಮಂದಿಯನ್ನೂ ನಮ್ಮ ಕರಾವಳಿ ಕಾವಲು ಪಡೆ ಉಳಿಸಿತು. ಹಡಗಿನ ಎಣ್ಣೆ ಸೋರಿದರೆ ಮೀನಿಗೂ ಮೀನುಗಾರರ ಹೊಟ್ಟೆಪಾಡಿಗೂ ಕುತ್ತು ಎಂಬುದೇ ಆಗ ಊರವರ ಆತಂಕ.

ಆ ದಡದಲ್ಲಿ ನಿಂತಾಗ ಮೊಮ್ಮಗಳು, “ತಾತ, ಮುಳುಗಿದ ಹಡಗು ಹಾಗೇ ಇರುತ್ತಾ?” ಎಂದಳು. ಬ್ಯಾಂಕಿನಲ್ಲಿ ನಾವು ಮೇಜು ಕುರ್ಚಿಗೂ ವರ್ಷವರ್ಷ ಸವಕಳಿ ಬರೆಯುತ್ತಿದ್ದೆವು. ಸಮುದ್ರವೂ ಬರೆಯುತ್ತದೆ ಎಂದೆ.

ದಡದ ಹತ್ತಿರ ಈ ಲೆಕ್ಕ ಚುರುಕು. ಮಳೆಗಾಲದ ಅಲೆ ಬಡಿಯುತ್ತದೆ, ಮರಳು ಉಜ್ಜುತ್ತದೆ. ಜೊತೆಗೇ ಹೊಸ ಸಂಸಾರವೂ ಹೂಡುತ್ತದೆ. ತಗಡಿನ ಮೇಲೆ ಪಾಚಿ, ಚಿಪ್ಪಿನ ಜೀವಿಗಳು, ಅವನ್ನು ತಿನ್ನಲು ಮೀನು.

ಆಳದಲ್ಲಿ ಲೆಕ್ಕವೇ ಬೇರೆ. 1912ರ ಏಪ್ರಿಲ್‌ನಲ್ಲಿ ನೀರ್ಗಲ್ಲಿಗೆ ಬಡಿದು ಮುಳುಗಿದ ಟೈಟಾನಿಕ್ ಸುಮಾರು 3,800 ಮೀಟರ್ ಆಳದಲ್ಲಿದೆ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಗಿಂತಲೂ ಆಳ! ಅಲ್ಲಿ ಕಗ್ಗತ್ತಲೆ, ಕೊರೆಯುವ ಚಳಿ. 1985ರಲ್ಲಿ ಅದು ಪತ್ತೆಯಾದಾಗ ಎರಡು ತುಂಡಾಗಿತ್ತು. ತುಂಡುಗಳ ನಡುವೆ ಸುಮಾರು 600 ಮೀಟರ್ ಅಂತರ. ನೀರು ತುಂಬಿಕೊಂಡೇ ಇಳಿದ ಮುಂಭಾಗ ಕೆಸರಿನಲ್ಲಿ ಹೂತು ಆಕಾರ ಉಳಿಸಿಕೊಂಡಿತು. ಒಳಗೆ ಗಾಳಿ ಉಳಿದಿದ್ದ ಹಿಂಭಾಗ ನೀರಿನ ಒತ್ತಡಕ್ಕೆ ಸಿಕ್ಕಿ ನುಜ್ಜುಗುಜ್ಜಾಯಿತು.

ಅಲ್ಲಿ ಉಕ್ಕನ್ನು ಮುಗಿಸುತ್ತಿರುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ತುಕ್ಕು ಆಲದ ಬಿಳಲಿನಂತೆ ಜೋತಾಡುತ್ತದೆ, ಮುಟ್ಟಿದರೆ ಪುಡಿ. ಅದರಲ್ಲಿ ಸಿಕ್ಕ ಒಂದು ಹೊಸ ಜೀವಿಗೆ 2010ರಲ್ಲಿ ‘ಹ್ಯಾಲೋಮೊನಾಸ್ ಟೈಟಾನಿಕೇ’ ಎಂದು ಹೆಸರಿಟ್ಟರು. ಮುಂಭಾಗದ ಕಟಕಟೆಯ ಒಂದು ತುಂಡು ಕಳಚಿ ಬಿದ್ದಿರುವುದು 2024ರಲ್ಲಿ ಕಂಡುಬಂತು. ಮೇಲಿನ ಮಹಡಿಗಳು ಒಂದೊಂದಾಗಿ ಕುಸಿಯುತ್ತಿವೆ.

ಪಿಂಗಾಣಿ ತಟ್ಟೆಗಳಿಗೆ ಮಾತ್ರ ಈ ಸವಕಳಿ ತಟ್ಟಿಲ್ಲ. ಹದ ಮಾಡಿದ ಚರ್ಮದ ಬೂಟುಗಳೂ ಉಳಿದಿವೆ. ಕೆಲವೆಡೆ ಜೋಡಿ ಜೋಡಿಯಾಗಿಯೇ ಬಿದ್ದಿವೆ, ತೊಟ್ಟವರು ಕರಗಿಹೋಗಿದ್ದಾರೆ. ಅಂದು ಸತ್ತವರು ಸುಮಾರು 1,500 ಮಂದಿ. ಅಲ್ಲಿನ ವಸ್ತುಗಳನ್ನು ಮೇಲೆ ತಂದು ಉಳಿಸಬೇಕೆಂದು ಕೆಲವರು, ಸಮಾಧಿಯನ್ನು ಕೆದಕಬಾರದೆಂದು ಇನ್ನು ಕೆಲವರು. ನೀವಾದರೆ ಏನು ಮಾಡುತ್ತಿದ್ದಿರಿ? ಇಂದು ಊಟಕ್ಕೆ ಕೂತಾಗ ಅಜ್ಜ ಅಜ್ಜಿಯರ ಜೊತೆ ಇದನ್ನೇ ಮಾತಾಡಿ ನೋಡಿ.