ಹಾಡಿನ ನಡುವೆ ಸಾಸಿವೆ ಸಿಡಿದದ್ದೇಕೆ?



ಬಿಸಿಯೂಟದ ಸಾಲಿನಲ್ಲಿ ಕುಳಿತಾಗ ಒಂದು ಸಂಗತಿಯನ್ನು ಗಮನಿಸಿದ್ದೀರಾ? ಅಡುಗೆ ಕೋಣೆಯಲ್ಲಿ ದೊಡ್ಡ ಪಾತ್ರೆ ಇರುತ್ತದೆ. ಬಡಿಸುವವರ ಕೈಯಲ್ಲಿ ಬಕೆಟ್ ಇರುತ್ತದೆ. ಬಕೆಟ್‌ನಲ್ಲಿ ಅನ್ನ ಇರುವವರೆಗೆ ಬಡಿಸುವ ಕೆಲಸ ನಿಲ್ಲದೆ ಸಾಗುತ್ತದೆ. ಒಂದು ಬಕೆಟ್ ಮುಗಿಯುವುದರೊಳಗೆ ಇನ್ನೊಂದು ತುಂಬಿ ಬಂದರೆ ಯಾರೂ ಕಾಯಬೇಕಾಗಿಲ್ಲ. ಬರುವುದು ತಡವಾದರೆ? ಸೌಟು ಖಾಲಿ ಬಕೆಟ್‌ನ ತಳಕ್ಕೆ ತಾಗಿ 'ಠಣ್' ಎನ್ನುತ್ತದೆ!

ಈ ಸಲ ನಾನು ಹೇಳಹೊರಟಿರುವುದು ಊಟದ ವಿಷಯವಲ್ಲ, ಗಣಕಯಂತ್ರದಲ್ಲಿ ನುಡಿಸುವ ವಾದ್ಯದ ವಿಷಯ. ಆದರೂ ಆ ಬಕೆಟ್ಟನ್ನು ನೆನಪಿಡಿ. ಮುಂದೆ ಅದರಿಂದ ನಮಗೆ ಕೆಲಸವಿದೆ.

ತಿದಿ ಇಲ್ಲದ ಪೇಟಿ

ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಪೇಟಿಯ ತಿದಿ ಒತ್ತಿದಾಗ ಗಾಳಿ ನುಗ್ಗಿ ಒಳಗಿನ ತೆಳುವಾದ ಲೋಹದ ಪಟ್ಟಿಗಳನ್ನು ಕಂಪಿಸುತ್ತದೆ. ಕಂಪನವೇ ಧ್ವನಿ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಗಣಕದಲ್ಲಿ ತಿದಿಯೂ ಇಲ್ಲ, ಪಟ್ಟಿಯೂ ಇಲ್ಲ. ಅಲ್ಲಿರುವುದು ಒಂದು ತಂತ್ರಾಂಶ. ನೀವು ಕೀ ಒತ್ತಿದ ಕೂಡಲೇ ಅದು ಲೆಕ್ಕ ಹಾಕಲು ತೊಡಗುತ್ತದೆ. ಧ್ವನಿಯ ಅಲೆ ಈ ಕ್ಷಣ ಎಷ್ಟು ಎತ್ತರದಲ್ಲಿರಬೇಕು, ಮರುಕ್ಷಣ ಎಷ್ಟು ಎಂದು ಒಂದೊಂದೇ ಸಂಖ್ಯೆಯನ್ನು ಬರೆಯುತ್ತಾ ಹೋಗುತ್ತದೆ. ಆ ಸಂಖ್ಯೆಗಳು ವಿದ್ಯುತ್ ಸಂಕೇತಗಳಾಗಿ ಸ್ಪೀಕರಿನ ಪರದೆಯನ್ನು ಅಲುಗಾಡಿಸುತ್ತವೆ.

ಒಂದು ಸೆಕೆಂಡಿಗೆ ಎಷ್ಟು ಸಂಖ್ಯೆಗಳು ಬೇಕು ಗೊತ್ತೇ? ಸಿ.ಡಿ. ಗುಣಮಟ್ಟದ ಧ್ವನಿಗೆ 44,100! ಇಷ್ಟೊಂದು ಏಕೆ? ನಮ್ಮ ಕಿವಿ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗಿನ ಕಂಪನಗಳನ್ನು ಕೇಳಬಲ್ಲದು. ಒಂದು ಕಂಪನವನ್ನು ಸರಿಯಾಗಿ ದಾಖಲಿಸಲು ಅದರ ಆವೃತ್ತಿಯ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. 20,000ದ ಎರಡು ಪಟ್ಟು 40,000. ಅದಕ್ಕಿಂತ ಸ್ವಲ್ಪ ಹೆಚ್ಚು ಇರಲೆಂದು 44,100.

ಈ ಸಂಖ್ಯೆಗಳನ್ನು ಗಣಕವು ಸ್ಪೀಕರಿಗೆ ಒಂದೊಂದಾಗಿ ಒಯ್ದು ಕೊಡುವುದಿಲ್ಲ. ಒಂದಿಷ್ಟನ್ನು ತುಂಬಿಸಿ ಒಟ್ಟಿಗೆ ಕಳಿಸುತ್ತದೆ. ಹೀಗೆ ತುಂಬಿಸುವ ಜಾಗಕ್ಕೆ ಬಫರ್ ಎಂದು ಹೆಸರು. ಈಗ ನಮ್ಮ ಬಕೆಟ್ ನೆನಪಾಯಿತೇ? ಬಫರ್ ಎಂದರೆ ಸಂಖ್ಯೆಗಳ ಬಕೆಟ್. ಒಂದು ಬಕೆಟ್ ಬಡಿಸುತ್ತಿರುವಾಗ ಗಣಕವು ಮತ್ತೊಂದನ್ನು ತುಂಬಿಸುತ್ತಿರುತ್ತದೆ. ತುಂಬಿಸುವುದು ತಡವಾದರೆ ಸ್ಪೀಕರಿಗೆ ಕೊಡಲು ಸಂಖ್ಯೆಯೇ ಇರುವುದಿಲ್ಲ. ನಯವಾಗಿ ಏರಿಳಿಯುತ್ತಿದ್ದ ಅಲೆ ಥಟ್ಟನೆ ತುಂಡಾಗುತ್ತದೆ. ಆ ತುಂಡಾದ ಜಾಗವೇ ನಮ್ಮ ಕಿವಿಗೆ 'ಚಟ್' ಎಂದು ಕೇಳಿಸುತ್ತದೆ. ಹತ್ತಾರು ಸಲ ತುಂಡಾದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು.

ತಪ್ಪು ಯಾರದು?

2023ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಅಲ್ಲಿನ ಹಳೆಯ ಪೇಟಿಯ ತಿದಿಯನ್ನು ಇಲಿ ಕಡಿದು ಹಾಕಿತ್ತು. ನವೆಂಬರ್ 1ರ ರಾಜ್ಯೋತ್ಸವಕ್ಕೆ ನಾಡಗೀತೆಗೆ ವಾದ್ಯ ಬೇಕಿತ್ತು. ಊರಿನ ಹಳೆಯ ವಿದ್ಯಾರ್ಥಿಗಳು ಕೊಟ್ಟ ಒಂದು ಲ್ಯಾಪ್‌ಟಾಪ್ ಇತ್ತು. ಅದರಲ್ಲಿ ಎಲ್‌ಎಂಎಂಎಸ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಅಕ್ಷರದ ಕೀಗಳನ್ನೇ ಪೇಟಿಯಂತೆ ಒತ್ತಿ ಇಬ್ಬರು ಮಕ್ಕಳು ಅಭ್ಯಾಸ ಮಾಡುತ್ತಿದ್ದರು. ಒಬ್ಬ ಆರನೆಯ ತರಗತಿಯ ಹುಡುಗ. ಇನ್ನೊಬ್ಬಳು ಏಳನೆಯ ತರಗತಿಯ ಹುಡುಗಿ. ಹುಡುಗ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನುಡಿಸುತ್ತಿದ್ದ. ಹುಡುಗಿ ಮಧ್ಯಾಹ್ನ ಮೂರರ ನಂತರ.

ಹುಡುಗ ನುಡಿಸಿದಾಗ ಎಲ್ಲ ಸರಿ. ಹುಡುಗಿ ನುಡಿಸಿದಾಗ ಚಟಪಟ! "ಅಕಿ ಕೂತ ದಿನದಿಂದನ ಕೆಟ್ಟೈತ್ರಿ ಸರ" ಎಂದು ಮಕ್ಕಳು ದೂರು ಹೇಳಿದರು. ದೊಡ್ಡವರೂ ಅದನ್ನೇ ನಂಬಿದ್ದರು. ಆಕೆಯನ್ನು ಗಣಕದ ಹತ್ತಿರ ಬಿಡುವುದು ಬೇಡ ಎಂಬ ಮಾತೂ ನಡೆದಿತ್ತು. "ನಾ ಬರೇ ಬಾರಿಸೇನ್ರಿ ಸರ, ಬ್ಯಾರೆ ಏನೂ ಮುಟ್ಟಿಲ್ರಿ" ಎಂದು ಆಕೆ ಹೇಳಿದಳು. ಆಕೆಯನ್ನು ನೋಡಿ ಉಳಿದ ಹುಡುಗಿಯರೂ ಗಣಕ ಮುಟ್ಟಲು ಹಿಂದೇಟು ಹಾಕುತ್ತಿದ್ದರು. ನನಗೆ ಚಟಪಟ ಸದ್ದಿಗಿಂತ ಇದೇ ದೊಡ್ಡ ತೊಂದರೆ ಎನಿಸಿತು.

ಒಂದು ಸಲಕ್ಕೆ ಒಂದೇ ಬದಲಾವಣೆ

ನಾವು ತನಿಖೆ ಆರಂಭಿಸಿದೆವು. ಮೊದಲು ಸ್ಪೀಕರ್ ಮತ್ತು ತಂತಿ. ಮೊದಲೇ ಮುದ್ರಿಸಿದ ಒಂದು ಹಾಡನ್ನು ಹಾಕಿದೆವು. ತಂತಿಯನ್ನು ಮೆಲ್ಲಗೆ ಅಲುಗಾಡಿಸಿದೆವು. ಸದ್ದು ಶುದ್ಧವಾಗಿತ್ತು. ಅಂದರೆ ಸ್ಪೀಕರೂ ತಂತಿಯೂ ಸರಿಯಾಗಿವೆ. ಮುದ್ರಿಸಿದ ಹಾಡಿನ ಲೆಕ್ಕವೆಲ್ಲ ಮೊದಲೇ ಮುಗಿದಿರುತ್ತದೆ. ಅದನ್ನು ನುಡಿಸುವುದು ಗಣಕಕ್ಕೆ ಹಗುರದ ಕೆಲಸ. ವಾದ್ಯ ನುಡಿಸುವಾಗಲಾದರೋ ಆ ಕ್ಷಣದಲ್ಲೇ ಲೆಕ್ಕ ಮಾಡಬೇಕು.

ನಂತರ ಹುಡುಗಿಗೆ ನುಡಿಸಲು ಹೇಳಿದೆ. ಆಶ್ಚರ್ಯ! ಒಂದು ಸಿಡಿತವೂ ಇಲ್ಲ. "ನೀವು ಬಂದಿದ್ದಕ್ಕ ತಾನ ಸರಿಯಾತ್ರಿ" ಎಂದರು ಮಕ್ಕಳು. ಯಂತ್ರಕ್ಕೆ ಅತಿಥಿಗಳ ಗುರುತು ಸಿಗುತ್ತದೆಯೇ? ಇಂದು ಏನೋ ಬೇರೆಯಾಗಿದೆ ಎಂದಷ್ಟೇ ಅದರ ಅರ್ಥ. ಅದೇನೆಂದು ಹುಡುಕಬೇಕು.

ಆಗ ಆ ಹುಡುಗಿ ತನ್ನ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಳು. ಸದ್ದು ಬಂದ ದಿನ, ವೇಳೆಗಳನ್ನು ಆಕೆ ಬರೆದಿಟ್ಟಿದ್ದಳು! ಎಲ್ಲವೂ ಮಧ್ಯಾಹ್ನ ಮೂರರ ನಂತರವೇ. "ಮೂರಕ್ಕ ಏನಾಗ್ತದ?" ಎಂದು ಕೇಳಿದೆ. ಬಾಗಿಲಲ್ಲಿ ನಿಂತಿದ್ದ ಬಿಸಿಯೂಟದ ಅಮ್ಮ ಹೇಳಿದರು: "ಮೂರಕ್ಕ ಕರೆಂಟ್ ಹೋಗ್ತೈತಲ್ರಿ."

ಆ ವರ್ಷ ಮಳೆ ಕಡಿಮೆಯಾಗಿ ರಾಜ್ಯದಲ್ಲಿ ವಿದ್ಯುತ್ ಕೊರತೆ ಇತ್ತು. ಮಧ್ಯಾಹ್ನ ಲ್ಯಾಪ್‌ಟಾಪ್ ಬ್ಯಾಟರಿಯಿಂದ ನಡೆಯುತ್ತಿತ್ತು. ನಾನು ಹೋದದ್ದು ಬೆಳಿಗ್ಗೆ. ಆಗ ಕರೆಂಟ್ ಇತ್ತು.

ಹಾಗಾದರೆ ಕಾರಣ ಸಿಕ್ಕಿತು ಎನ್ನೋಣವೇ? ಸ್ವಲ್ಪ ತಾಳಿ. ಆಕೆ ನುಡಿಸುತ್ತಿದ್ದುದೇ ಮಧ್ಯಾಹ್ನ. ಆದ್ದರಿಂದ ಆ ಪುಟದಲ್ಲಿ ಬೆಳಗಿನ ವೇಳೆ ಇರಲು ಸಾಧ್ಯವೇ ಇಲ್ಲ. ನುಡಿಸುವವರು ಬದಲಾದಾಗಲೆಲ್ಲ ಕರೆಂಟೂ ಬದಲಾಗುತ್ತಿತ್ತು. ಎರಡು ಸಂಗತಿಗಳು ಜೊತೆಯಾಗಿ ಬದಲಾದರೆ ಯಾವುದು ಕಾರಣ ಎಂದು ಹೇಳಲಾಗದು. ಅವನ್ನು ಬಿಡಿಸಿ ನೋಡಬೇಕು. ಹೀಗೆ ನಾಲ್ಕು ಪರೀಕ್ಷೆ ಮಾಡಿದೆವು. ನಾಲ್ಕರಲ್ಲೂ ಅದೇ ಹಾಡು, ಅದೇ ವಾದ್ಯ.

ಹುಡುಗಿ, ಚಾರ್ಜರ್ ಜೋಡಿಸಿ: ಶುದ್ಧ.
ಹುಡುಗಿ, ಚಾರ್ಜರ್ ತೆಗೆದು: ಚಟಪಟ.
ಹುಡುಗ, ಚಾರ್ಜರ್ ಜೋಡಿಸಿ: ಶುದ್ಧ.
ಹುಡುಗ, ಚಾರ್ಜರ್ ತೆಗೆದು: ಚಟಪಟ!

ನಾಲ್ಕನೆಯ ಪರೀಕ್ಷೆಯಲ್ಲಿ ಹುಡುಗನ ಕೈಯಲ್ಲೂ ಸಾಸಿವೆ ಸಿಡಿದಾಗ ತರಗತಿಯಲ್ಲಿ ಯಾರೂ ಮಾತನಾಡಲಿಲ್ಲ. ಮತ್ತೆ ಎರಡು ಸಲ ಮಾಡಿದೆವು. ಫಲಿತಾಂಶ ಅದೇ. ಬೆರಳು ಯಾರದಾದರೇನು, ಕಾರಣ ಬ್ಯಾಟರಿ.

ಬ್ಯಾಟರಿಗೂ ಸದ್ದಿಗೂ ಏನು ಸಂಬಂಧ?

ಬ್ಯಾಟರಿಯಲ್ಲಿ ನಡೆಯುವಾಗ ಹೆಚ್ಚು ಹೊತ್ತು ಬಾಳಿಕೆ ಬರಲೆಂದು ಲ್ಯಾಪ್‌ಟಾಪ್ ಶಕ್ತಿ ಉಳಿಸುವ ಕ್ರಮಕ್ಕೆ ಹೋಗಬಲ್ಲದು. ಆಗ ಅದರ ಪ್ರೊಸೆಸರ್, ಎಂದರೆ ಲೆಕ್ಕ ಮಾಡುವ ಭಾಗ, ನಿಧಾನವಾಗುತ್ತದೆ. ಅಡುಗೆಯವರು ಬಳಲಿದ್ದಾರೆ, ಆದರೆ ಊಟಕ್ಕೆ ಕುಳಿತವರು ಅಷ್ಟೇ ಮಂದಿ! ಸೆಕೆಂಡಿಗೆ 44,100 ಸಂಖ್ಯೆಗಳು ಬೇಕೇ ಬೇಕು. ಒಂದು ಸ್ವರವಾದರೆ ಹೇಗೋ ತುಂಬಿಸಬಹುದು. ಶ್ರುತಿಯ ಜೊತೆ ಮೂರು ನಾಲ್ಕು ಸ್ವರಗಳು ಸೇರಿದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ. ಬಕೆಟ್ ತಡವಾಗುತ್ತದೆ.

ಮಕ್ಕಳು ಒಂದು ಒಳ್ಳೆಯ ಪ್ರಶ್ನೆ ಕೇಳಿದರು: "ಬಕೆಟ್ ದೊಡ್ಡದು ಮಾಡಿದರ?" ಸರಿಯಾದ ದಾರಿ! ಆ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಬಫರಿನ ಗಾತ್ರ 128 ಇತ್ತು. 128 ಸಂಖ್ಯೆಗಳು ಎಷ್ಟು ಹೊತ್ತಿಗೆ ಸಾಕಾಗುತ್ತವೆ? 128ನ್ನು 44,100ರಿಂದ ಭಾಗಿಸಿ. ಸುಮಾರು 2.9 ಮಿಲಿಸೆಕೆಂಡ್. ಅಷ್ಟರೊಳಗೆ ಮುಂದಿನ ಬಕೆಟ್ ಸಿದ್ಧವಾಗಬೇಕು. ನಡುವೆ ಗಣಕಕ್ಕೆ ಬೇರೆ ಕೆಲಸ ಬಂದು ಒಂದು ಕ್ಷಣ ತಡವಾದರೂ ಸಿಡಿತ ಖಚಿತ. ದೊಡ್ಡ ಬಕೆಟ್ ಇದ್ದರೆ ಇಂಥ ಸಣ್ಣ ತಡವನ್ನು ತಡೆದುಕೊಳ್ಳಬಹುದು.

ನಾವು ನೇರವಾಗಿ 2048ಕ್ಕೆ ಏರಿಸಿದೆವು. ಸಿಡಿತ ಬಹುಮಟ್ಟಿಗೆ ನಿಂತಿತು. ಆದರೆ ಹುಡುಗಿ ತಲೆಯಾಡಿಸಿದಳು. "ಒತ್ತೋದು ಈಗ, ಕೇಳೋದು ಆಮ್ಯಾಲೆ ರಿ ಸರ." ಏಕೆ? ದೊಡ್ಡ ಬಕೆಟ್ ತುಂಬಿ ಬರಲು ಹೆಚ್ಚು ಹೊತ್ತು ಬೇಕು. 2048 ಸಂಖ್ಯೆಗಳೆಂದರೆ ಸುಮಾರು 46 ಮಿಲಿಸೆಕೆಂಡ್. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 46 ಮಿಲಿಸೆಕೆಂಡಿನಲ್ಲಿ ಸುಮಾರು 16 ಮೀಟರ್. ಅಂದರೆ ಪೇಟಿಯ ಕೀ ನಿಮ್ಮ ಮುಂದಿದೆ, ಅದರ ಸದ್ದು ಮಾತ್ರ 16 ಮೀಟರ್ ಆಚೆಯಿಂದ ಬಂದಂತೆ! ತಾಳ ತಪ್ಪದೆ ಇರುತ್ತದೆಯೇ?

ಕೊನೆಗೆ 512ಕ್ಕೆ ಒಪ್ಪಿದೆವು. ಅದು ಸುಮಾರು 11.6 ಮಿಲಿಸೆಕೆಂಡ್, ಎಂದರೆ 4 ಮೀಟರ್ ದೂರದಷ್ಟು. ಕೈಗೂ ಕಿವಿಗೂ ಹೊಂದಿಕೆಯಾಯಿತು. ಆದರೆ ಬ್ಯಾಟರಿಯಲ್ಲಿ ಅಲ್ಲೊಂದು ಇಲ್ಲೊಂದು ಸಿಡಿತ ಉಳಿಯಿತು. ಪ್ರೊಸೆಸರ್ ಸದಾ ನಿಧಾನವಾಗಿಯೇ ಇದ್ದರೆ ಬಕೆಟ್ ದೊಡ್ಡದು ಮಾಡಿದ್ದಷ್ಟೇ ಸಾಲದು, ಕೆಲಸವನ್ನೂ ಕಡಿಮೆ ಮಾಡಬೇಕು. ಮೊದಲು ಲ್ಯಾಪ್‌ಟಾಪಿನ ಶಕ್ತಿ ಉಳಿಸುವ ಕ್ರಮವನ್ನು ಬದಲಿಸಿದೆವು. ಬ್ಯಾಟರಿ ಬೇಗ ಮುಗಿಯುತ್ತದೆ ನಿಜ, ಆದರೆ ನಾಡಗೀತೆಗೆ ಬೇಕಾದದ್ದು ಕೆಲವೇ ನಿಮಿಷ. ತೆರೆದಿದ್ದ ಬೇರೆ ತಂತ್ರಾಂಶಗಳನ್ನು ಮುಚ್ಚಿದೆವು. ಮೂರನೆಯ ಉಪಾಯ ಶ್ರುತಿಯದು. ಹಾಡಿನುದ್ದಕ್ಕೂ ಒಂದೇ ಸಮನೆ ಇರುವ ಶ್ರುತಿಯನ್ನು ಪ್ರತಿ ಸಲ ಹೊಸದಾಗಿ ಲೆಕ್ಕ ಮಾಡುವುದೇಕೆ? ಅದನ್ನು ಮೊದಲೇ ಧ್ವನಿ ಕಡತವಾಗಿ ಮುದ್ರಿಸಿಟ್ಟೆವು. ಆಮೇಲೆ ಗಣಕಕ್ಕೆ ಉಳಿದದ್ದು ಹುಡುಗಿಯ ಬೆರಳುಗಳ ಲೆಕ್ಕ ಮಾತ್ರ.

ಈ ಉಪಾಯ ಹೊಸದಲ್ಲ. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ಎಂಜಿನಿಯರ್ ಐಬಿಎಂ 704 ಎಂಬ ಭಾರಿ ಗಣಕದಿಂದ 17 ಸೆಕೆಂಡಿನ ಸಂಗೀತವನ್ನು ಹೊಮ್ಮಿಸಿದರು. ಆ ಗಣಕಕ್ಕೆ ಕೇಳುವ ವೇಗದಲ್ಲೇ ಲೆಕ್ಕ ಮಾಡುವ ಶಕ್ತಿ ಇರಲಿಲ್ಲ. ಸಂಖ್ಯೆಗಳನ್ನೆಲ್ಲ ಮೊದಲು ಟೇಪಿನ ಮೇಲೆ ಬರೆದಿಟ್ಟು, ನಂತರ ಅವನ್ನು ಧ್ವನಿಯಾಗಿ ಪರಿವರ್ತಿಸುತ್ತಿದ್ದರು.

ರಾಜ್ಯೋತ್ಸವದ ದಿನ ನಾನು ಬೇರೆ ಶಾಲೆಯಲ್ಲಿದ್ದೆ. ಸಂಜೆ ಮುಖ್ಯ ಶಿಕ್ಷಕರು ಫೋನ್ ಮಾಡಿದರು. ಅಂದು ಬೆಳಿಗ್ಗೆಯೂ ಕರೆಂಟ್ ಹೋಗಿತ್ತಂತೆ. ಹುಡುಗಿ ಬ್ಯಾಟರಿಯಲ್ಲೇ ನುಡಿಸಿದಳಂತೆ, ಹಾಡು ಮುಗಿಯುವವರೆಗೆ ಒಂದೂ ಸಿಡಿತವಿಲ್ಲ. "ಆಕೆಯ ಬಗ್ಗೆ ನಾವು ಹಾಗೆ ಅನ್ನಬಾರದಿತ್ತು" ಎಂದು ಅವರೇ ಹೇಳಿದರು. ಆ ಮಾತನ್ನು ಆಕೆಯ ಎದುರಿಗೂ ಹೇಳಿದ್ದಾರೆಂದು ತಿಳಿದು ನನಗೆ ಸಂತೋಷವಾಯಿತು.

ನಿಮ್ಮ ಶಾಲೆಯಲ್ಲೂ ಹೀಗಾದರೆ

1. ಮುದ್ರಿಸಿದ ಹಾಡು ಹಾಕಿ ನೋಡಿ. ಅದರಲ್ಲೂ ಸಿಡಿತವಿದ್ದರೆ ಮೊದಲು ತಂತಿ ಮತ್ತು ಸ್ಪೀಕರನ್ನು ಪರೀಕ್ಷಿಸಿ.
2. ಒಂದು ಸ್ವರ ನುಡಿಸಿ, ಆಮೇಲೆ ಹಲವು ಸ್ವರ. ಹಲವು ಸ್ವರಗಳಲ್ಲಿ ಮಾತ್ರ ಸಿಡಿತವಿದ್ದರೆ ಗಣಕಕ್ಕೆ ಹೊರೆ ಹೆಚ್ಚಾಗಿದೆ.
3. ಚಾರ್ಜರ್ ಜೋಡಿಸಿ, ಬೇರೆ ತಂತ್ರಾಂಶಗಳನ್ನು ಮುಚ್ಚಿ.
4. ಬಫರನ್ನು 128, 256, 512 ಹೀಗೆ ಹಂತ ಹಂತವಾಗಿ ಏರಿಸಿ. ಸಿಡಿತ ನಿಂತ ಕೂಡಲೇ ನಿಲ್ಲಿಸಿ.
5. ತಂತಿ ಇಲ್ಲದ ಬ್ಲೂಟೂತ್ ಸ್ಪೀಕರ್ ಬೇಡ. ಅದು ತನ್ನದೇ ತಡವನ್ನು ಸೇರಿಸುತ್ತದೆ.
6. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ರತಿ ಸಲವೂ ಬರೆದಿಡಿ.

ಮಾಡಿ ನೋಡಿ

ತಳದಲ್ಲಿ ಸಣ್ಣ ತೂತಿರುವ ಒಂದು ಡಬ್ಬಿ, ಒಂದು ಲೋಟ ಮತ್ತು ನೀರು ತೆಗೆದುಕೊಳ್ಳಿ. ಡಬ್ಬಿಯಿಂದ ನೀರಿನ ಧಾರೆ ತುಂಡಾಗದಂತೆ ಗೆಳೆಯನೊಬ್ಬ ಲೋಟದಿಂದ ನೀರು ಸುರಿಯುತ್ತಿರಲಿ. ಲೋಟವನ್ನು ತುಂಬಿ ತರುವ ದೂರವನ್ನು ಹೆಚ್ಚಿಸುತ್ತಾ ಹೋಗಿ. ಧಾರೆ ಯಾವಾಗ ತುಂಡಾಯಿತು? ಈಗ ದೂರ ಅಷ್ಟೇ ಇರಲಿ, ಲೋಟದ ಬದಲು ಚೊಂಬು, ಡಬ್ಬಿಯ ಬದಲು ಅಷ್ಟೇ ದೊಡ್ಡ ತೂತಿರುವ ಹೆಚ್ಚು ನೀರು ಹಿಡಿಯುವ ಡಬ್ಬಿ ಬಳಸಿ. ಏನು ವ್ಯತ್ಯಾಸ ಕಂಡಿರಿ? ಈ ಆಟದಲ್ಲಿ ಪ್ರೊಸೆಸರ್ ಯಾರು, ಬಫರ್ ಯಾವುದು, ಸ್ಪೀಕರಿಗೆ ಹೋಗುವ ಧ್ವನಿ ಯಾವುದು? ಗುಂಪಿನಲ್ಲಿ ಚರ್ಚಿಸಿ ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಬರೆಯಿರಿ. ಉಳಿದ ನೀರನ್ನು ಶಾಲೆಯ ಗಿಡಗಳಿಗೆ ಹಾಕುವುದನ್ನು ಮರೆಯಬೇಡಿ.