ಮಾಫಿ ಫಾರ್ಮಿನ ಒಂದು ಸಾಲು

ತೆರಿಗೆಯ ಮಾತು ಧರ್ಮದ ಮಾಸಿಕದಲ್ಲಿ ಏಕೆ ಎಂದು ತಮಗೆ ಅನ್ನಿಸಬಹುದು. ನಮಗೂ ಮೊದಲು ಹಾಗೆಯೇ ಅನ್ನಿಸಿತ್ತು.

ನಮ್ಮ ಕಿರಿಯ ಮಗಳು, ಅಳಿಯಂದಿರು ಅಮೇರಿಕೆಯ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ನಿನಲ್ಲಿ ಇದ್ದಾರೆ. ಎರಡು ಮಕ್ಕಳು. 2022ರ ಕೊನೆಗೆ ಅಳಿಯಂದಿರ ಕಂಪ್ಯೂಟರ್ ನೌಕರಿ ಹೋಯಿತು. ಮರುವರ್ಷವೆಲ್ಲ ಅವರು ಗಡಿಯಾಚೆ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಕಿರಾಣಿ ಅಂಗಡಿಯಲ್ಲಿ ದುಡಿದರು. ಮನೆ ಒಂದು ರಾಜ್ಯ, ದುಡಿಮೆ ಇನ್ನೊಂದು ರಾಜ್ಯ. ಅಕ್ಕಲಕೋಟೆಯಲ್ಲಿದ್ದು ಆಳಂದದ ಗಿರಾಕಿಗಳೊಡನೆ ವ್ಯವಹಾರ ಮಾಡುವ ನಮಗೆ ಇದೇನೂ ಹೊಸದಲ್ಲ.

ಅಲ್ಲಿ ಕೇಂದ್ರದಂತೆ ರಾಜ್ಯಕ್ಕೂ ಬೇರೆ ಆದಾಯ ತೆರಿಗೆ ಉಂಟು. ನ್ಯೂಜೆರ್ಸಿ, ಮೇರಿಲ್ಯಾಂಡ್, ಒಹಾಯೋ ಮೊದಲಾದ ಆರು ರಾಜ್ಯಗಳೊಡನೆ ಪೆನ್ಸಿಲ್ವೇನಿಯಾ ಒಪ್ಪಂದ ಮಾಡಿಕೊಂಡಿದ್ದು, ಆ ರಾಜ್ಯಗಳ ನಿವಾಸಿಗಳ ಪಗಾರಕ್ಕೆ ತೆರಿಗೆ ಹಾಕುವುದಿಲ್ಲ. ಡೆಲವೇರ್ ಆ ಆರರಲ್ಲಿ ಇಲ್ಲ. ಹೀಗಾಗಿ ಅಳಿಯಂದಿರ 27,000 ಡಾಲರ್ ಪಗಾರಕ್ಕೆ ನೂರಕ್ಕೆ 3.07ರಂತೆ 829 ಡಾಲರ್ ತೆರಿಗೆ ಬಂತು. ನಮ್ಮ ಲೆಕ್ಕದಲ್ಲಿ ಸುಮಾರು 69 ಸಾವಿರ ರೂಪಾಯಿ.

ಪೆನ್ಸಿಲ್ವೇನಿಯಾದಲ್ಲಿ ಬಡವನಿಗೂ ಶ್ರೀಮಂತನಿಗೂ ತೆರಿಗೆಯ ದರ ಒಂದೇ. ಆದ್ದರಿಂದ ಬಡವರಿಗಾಗಿ ತೆರಿಗೆ ಮಾಫಿಯ ಒಂದು ಸವಲತ್ತು ಇಟ್ಟಿದ್ದಾರೆ. ಗಂಡ, ಹೆಂಡತಿ, ಎರಡು ಮಕ್ಕಳಿರುವ ಮನೆಯ ಆದಾಯ 32,000 ಡಾಲರ್ ಒಳಗಿದ್ದರೆ ಪೂರ್ತಿ ಮಾಫಿ. ಮುಂದೆ ಪ್ರತಿ 250 ಡಾಲರಿಗೆ ಹತ್ತನೆಯ ಒಂದು ಪಾಲು ಇಳಿಯುತ್ತ, 34,250 ದಾಟಿದರೆ ಏನೂ ಇಲ್ಲ. ಬೇರೆ ರಾಜ್ಯದ ನಿವಾಸಿಯೂ ಇದನ್ನು ಕೇಳಬಹುದು. ಆದರೆ ತೆರಿಗೆ ಅಲ್ಲಿಯ ದುಡಿಮೆಗೆ ಮಾತ್ರ ಇದ್ದರೂ, ಬಡತನ ಅಳೆಯುವಾಗ ಗಂಡಹೆಂಡಿರು ಎಲ್ಲೆಲ್ಲಿ ಏನೇನು ಗಳಿಸಿದರೋ ಅಷ್ಟನ್ನೂ ತೋರಿಸಬೇಕು. ತೆರಿಗೆ ಇಲ್ಲದ ಹಣವನ್ನೂ ಬರೆಯಬೇಕು. ಅದರಲ್ಲಿ ಕಾಣಿಕೆಗೂ ಒಂದು ಸಾಲು ಇದೆ.

ಮಗಳು ಡೆಲವೇರಿನಲ್ಲೇ ಹೊಲಿಗೆ ಮಾಡಿ 4,000 ಡಾಲರ್ ಗಳಿಸಿದ್ದಳು. ಕೂಡಿದರೆ 31,000. ಪೂರ್ತಿ ಮಾಫಿ! ಆದರೆ ಆ ವರ್ಷ ಅವರ ಕಷ್ಟ ನೋಡಲಾರದೆ ನಾವು 4,000 ಡಾಲರ್ ಕಳಿಸಿದ್ದೆವು. ಅದೂ ಸೇರಿದರೆ 35,000.

2024ರ ಏಪ್ರಿಲ್ ಮೊದಲ ವಾರ ಮಗಳ ಫೋನು ಬಂತು. "ಅಪ್ಪಾ, ನೀವು ಕಳಿಸಿದ ರೊಕ್ಕ ಕಾಣಿಕೆ ಅಂತ ಬರೀಲೋ, ಕೈಗಡ ಅಂತ ಬರೀಲೋ? ಕೈಗಡ ಆದ್ರ ಲೆಕ್ಕಕ್ಕ ಬರೂದಿಲ್ರಿ."

ನಮ್ಮ ಬಾಯಿಗೆ "ಕೈಗಡ ಅಂತ ಬರಿ ತಂಗಿ" ಎಂಬ ಮಾತು ಬಂದೇಬಿಟ್ಟಿತ್ತು. ನಾವು ಸಹಾಯಕ್ಕೆಂದು ಕಳಿಸಿದ ಹಣವೇ ಮಗಳ ಮಾಫಿಗೆ ಅಡ್ಡ ಬರುವುದೆಂದರೆ ಯಾವ ತಂದೆಗೆ ಸಂಕಟವಾಗದು? "ನಾಳೆ ಹೇಳ್ತೀವಿ" ಎಂದು ಫೋನು ಇಟ್ಟೆವು.

ಆ ರಾತ್ರಿ ನಿದ್ದೆ ಬರಲಿಲ್ಲ. 1983ರ ಮಾತು ನೆನಪಾಯಿತು. ಸೋಲಾಪುರದಿಂದ ಎರಡು ಗಂಟು ಚಾದರ ತರುವಾಗ, ಅವನ್ನು ಜೋಳದ ಚೀಲದ ಕೆಳಗಿಟ್ಟು ಜಕಾತಿ ನಾಕಾ ದಾಟಿಸಿದ್ದೆವು. 18 ರೂಪಾಯಿ ಉಳಿಯಿತೆಂದು ತಂದೆಯವರ ಮುಂದೆ ಹೆಮ್ಮೆಯಿಂದ ಹೇಳಿದೆವು. ಅವರು ಬೈಯಲಿಲ್ಲ. ಬೆಳಿಗ್ಗೆ ಬಸದಿಯಿಂದ ಬಂದವರೇ 18 ರೂಪಾಯಿ ಕೈಗಿಟ್ಟು, "ನಾಕಾಕ್ಕ ಹೋಗಿ ಪಾವತಿ ಮಾಡಿಸಿಕೊಂಡು ಬಾ. ತೂಕದಾಗ ಕದ್ದರೂ ಕಳವ, ನಾಕಾದಾಗ ಕದ್ದರೂ ಕಳವ" ಎಂದರು. ನಾಕಾದ ಕಾರಕೂನ ನಮ್ಮನ್ನು ಹುಚ್ಚನಂತೆ ನೋಡಿ ಪಾವತಿ ಹರಿದುಕೊಟ್ಟ. ಅಂದು ತಲೆ ತಗ್ಗಿಸಿ ನಡೆದ ದಾರಿ ಇಂದಿಗೂ ಮರೆತಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತಕ್ಕೆ ಐದು ಅತಿಚಾರ ಹೇಳಿದ್ದಾರೆ. ಕಳವಿಗೆ ಪ್ರೇರಣೆ, ಕಳವಿನ ಮಾಲು ಕೊಳ್ಳುವುದು, ಸುಳ್ಳು ತೂಕ, ಕಲಬೆರಕೆ, ಇವುಗಳ ಸಾಲಿನಲ್ಲೇ ವಿರುದ್ಧರಾಜ್ಯಾತಿಕ್ರಮವೂ ಇದೆ. ರಾಜ್ಯದ ನಿಯಮ ಮೀರಿ ಲಾಭ ಮಾಡುವುದೆಂದು ಅದರ ಅರ್ಥ. ಆ ರಾಜ್ಯ ನಮ್ಮದೇ ಇರಬೇಕೆಂದು ಅಲ್ಲಿ ಹೇಳಿಲ್ಲ. ಮೇಲಾಗಿ ಈ ಮಾಫಿ ನಿಜವಾಗಿ ಕೈಯಲ್ಲಿಲ್ಲದವನಿಗೆ ಇಟ್ಟದ್ದು. ಬೇಡಿದಾಗ ಕಳಿಸಲು ತಂದೆ ಇಲ್ಲದ ಮನೆಗಳು ಅಲ್ಲಿಯೂ ಉಂಟಷ್ಟೆ.

ಬೆಳಿಗ್ಗೆ ಮಗಳಿಗೆ ಹೇಳಿದೆವು: "ತಿರುಗಿ ಕೇಳೂ ಮನಸ್ಸು ನಮಗಿಲ್ಲವ್ವ. ಅದಕ್ಕ ಅದು ಕೈಗಡ ಅಲ್ಲ, ಕಾಣಿಕೆನ. ಹಂಗ ಬರಿ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇವರೂ ಅದನ್ನ ಅಂದ್ರಪ್ಪ. ನಿಮ್ಮನ್ನ ಒಂದ್ ಮಾತ್ ಕೇಳೂಣು ಅಂತ ನಾನ ಫೋನ್ ಮಾಡಿದ್ದೆ" ಎಂದಳು.

ಮಾಫಿ ಸಿಗಲಿಲ್ಲ, 829 ಡಾಲರ್ ಕಟ್ಟಿದರು. ಆದರೆ ಬೇರೆ ರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ಡೆಲವೇರ್ ತನ್ನ ತೆರಿಗೆಯಲ್ಲಿ ವಜಾ ಮಾಡಿಕೊಡುವುದರಿಂದ ಆ ಕಡೆಯ ಭಾರ ಇಳಿಯಿತು. ಮಾಫಿ ಸಿಕ್ಕಿದ್ದರೆ ಈ ವಜಾ ಇರುತ್ತಿರಲಿಲ್ಲ. ನಾವು ಹೆದರಿದಷ್ಟು ನಷ್ಟವಾಗಲಿಲ್ಲ.

ಹೊರದೇಶದಲ್ಲಿ ಮಕ್ಕಳಿರುವ ಬಂಧುಗಳಿಗೆ ಒಂದು ವಿನಂತಿ. ಹಣ ಕಳಿಸುವಾಗ ಅದು ಕೊಟ್ಟದ್ದೋ ಸಾಲವೋ ಎಂದು ಅಂದೇ ವಹಿಯಲ್ಲಿ ಬರೆದಿಡಿರಿ. ಫಾರ್ಮು ತುಂಬುವ ದಿನ ಮನಸ್ಸು ಬಹಳ ಜಾಣನಾಗಿರುತ್ತದೆ.