ಕುಡತಿನಿಯ ಬೂದಿ, ನಿಲ್ದಾಣದ ವೈಫೈ

ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದು ಸುಮಾರು 20 ಕಿ.ಮೀ. ಸಾಗಿದರೆ ಕುಡತಿನಿ. ದೂರದವರಿಗೆ ಊರಿನ ಗುರುತು ಎಂದರೆ 1,700 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು. ಆದರೆ ಇಲ್ಲಿ ಅದಕ್ಕಿಂತ ಸಾವಿರಾರು ವರ್ಷ ಹಳೆಯ ಬೂದಿಯೂ ಇದೆ. ಅದು ನವಶಿಲಾಯುಗದ ಬೂದಿ ದಿಬ್ಬ. ಈ ಸೀಮೆಯ ಇಂಥ ದಿಬ್ಬಗಳನ್ನು ರಾಕ್ಷಸರ ಬೂದಿ ಎಂದವರುಂಟು, ಜ್ವಾಲಾಮುಖಿಯ ಕಿಟ್ಟ ಎಂದವರೂ ಉಂಟು. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಂಥದೇ ದಿಬ್ಬವನ್ನು ಅಗೆದು ನೋಡಿದರು. ಸಿಕ್ಕಿದ್ದು ದನದ ದೊಡ್ಡಿ, ಸುಟ್ಟ ಸಗಣಿ!

ಹೊರಗಿನ ಹೆಸರು ಒಂದು, ಒಳಗಿನ ಸರಕು ಇನ್ನೊಂದು. ಈ ಮಾತು ಇಲ್ಲಿಂದ ಬಳ್ಳಾರಿಯ ಕಾಲೇಜುಗಳಿಗೆ ಹೋಗಿಬರುವ ವಿದ್ಯಾರ್ಥಿಗಳ ಕೈಯ ಮೊಬೈಲಿಗೂ ಸಲ್ಲುತ್ತದೆ. ದೇಶದ ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್ ಸಂಸ್ಥೆ 2016ರಿಂದ ಉಚಿತ ವೈಫೈ ಕೊಡುತ್ತ ಬಂದಿದೆ. ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಒಟಿಪಿ ಒತ್ತಿದರೆ ಸಂಪರ್ಕ ಸಿಗುತ್ತದೆ. ರೈಲಿಗೆ ಕಾಯುವವರಿಗೆ ದೊಡ್ಡ ಅನುಕೂಲವೇ.

ತೊಂದರೆ ಇರುವುದು ಹೆಸರಿನಲ್ಲಿ. ವೈಫೈಗೆ ಯಾರು ಬೇಕಾದರೂ ಯಾವ ಹೆಸರನ್ನೂ ಇಡಬಹುದು. ಪಕ್ಕದ ಬೆಂಚಿನಲ್ಲಿ ಕುಳಿತವನು ತನ್ನ ಮೊಬೈಲಿನಿಂದಲೇ ನಿಲ್ದಾಣದ ಹೆಸರಿನ ಸಂಪರ್ಕ ತೆರೆಯಬಲ್ಲ. ಅದಕ್ಕೆ ಸೇರಿದ ಮೇಲೆ ಅವನು ನಕಲಿ ಪುಟವನ್ನೂ ತೋರಿಸಬಲ್ಲ. ಉಚಿತ ಸಂಪರ್ಕಕ್ಕೆ ಕಾರ್ಡ್ ಸಂಖ್ಯೆ, ಮಿಂಚಂಚೆಯ ಪಾಸ್‌ವರ್ಡ್ ಕೇಳಿದರೆ, ಆ್ಯಪ್ ಹಾಕಿಕೊಳ್ಳಿ ಎಂದರೆ ಮೋಸ ಎಂದೇ ತಿಳಿಯಿರಿ.

ಬ್ಯಾಂಕಿನ ತಾಣಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವುದರಿಂದ ನಡುವೆ ಕದ್ದು ಓದುವುದು ಈಗ ಸುಲಭವಲ್ಲ. ಆದರೆ ವಿಳಾಸದ ಬಳಿ ಕಾಣುವ ಬೀಗದ ಗುರುತು ದಾರಿ ಭದ್ರ ಎನ್ನುತ್ತದೆಯೇ ಹೊರತು ಆ ತುದಿಯಲ್ಲಿರುವವನು ಪ್ರಾಮಾಣಿಕ ಎನ್ನುವುದಿಲ್ಲ. ನಕಲಿ ತಾಣಕ್ಕೂ ಬೀಗ ಸಿಗುತ್ತದೆ. ವಿಳಾಸವನ್ನು ಅಕ್ಷರ ಅಕ್ಷರ ಓದಬೇಕು.

ಪಾಠ, ಸುದ್ದಿ, ರೈಲಿನ ವೇಳೆ ನೋಡಲು ನಿಲ್ದಾಣದ ವೈಫೈ ಸಾಕು. ಪರೀಕ್ಷಾ ಶುಲ್ಕ ಕಟ್ಟುವಾಗ ಮಾತ್ರ ಅದನ್ನು ಆರಿಸಿ ನಿಮ್ಮದೇ ಸಿಮ್ಮಿನ ಡೇಟಾ ಬಳಸಿ. ಹಳೆಯ ಹೆಸರಿಗೆ ಮೊಬೈಲ್ ತಾನಾಗಿ ಸೇರಿಕೊಳ್ಳದಂತೆ ಸೆಟ್ಟಿಂಗ್ ಬದಲಿಸಿ.

ಹಣ ಹೋದರೆ ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡಬಾರದು. ಹೆತ್ತವರೂ ಗದರಿಸುತ್ತ ಹೊತ್ತು ಕಳೆಯಬಾರದು. ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ದೂರು ಬೇಗ ಮುಟ್ಟಿದಷ್ಟೂ ಹಣ ಮುಂದಿನ ಖಾತೆಗೆ ದಾಟದಂತೆ ತಡೆಯುವ ಅವಕಾಶ ಹೆಚ್ಚು.